ಪರದೆಯ ಹಿಂದಿನ ಬೆಸುಗೆ

ಹೆಣದ ಕಾಲ ಬಳಿ ಕೂತವರನ್ನು ದಾಟಿಕೊಂಡು ಫೋಟೊ ಸ್ಟುಡಿಯೊದವನು ಒಳಗೆ ಬಂದು ಕೈಮುಗಿದ. ಮುಗಿದ ಕೈ ಬಿಡಿಸುವ ಮೊದಲೇ ಅವನ ಕಣ್ಣು ನಡುವಿನ ಬಾಗಿಲು ದಾಟಿ ರಿಪೇರಿ ಅಂಗಡಿಗೆ ಹೋಯಿತು. ಅವನು ಸರಿಮಾಡಲು ಕೊಟ್ಟಿದ್ದ ಸ್ಟೋರೇಜ್ ಪೆಟ್ಟಿಗೆ ಅಲ್ಲೇ ಮೇಜಿನ ಮೇಲಿತ್ತು. ಕಂಡಕಂಡವರ ಮದುವೆ ಫೋಟೊಗಳೆಲ್ಲ ಅದರ ಡಿಸ್ಕುಗಳಲ್ಲಿದ್ದವು. ಸ್ವಿಚ್ ಒತ್ತಿದರೆ ಫ್ಯಾನು ಒಮ್ಮೆ ಮಿಸುಕಿ ತೆಪ್ಪಗಾಗುತ್ತಿತ್ತು.

"ಎಂಥಾ ಕೈ ಅವರದು. ಇನ್ಯಾರ ಹತ್ರ ಹೋಗ್ಲಿ ನಾನು?"

"ಅಣ್ಣನಂಥ ಕೈ ಇನ್ನೊಂದು ಹುಟ್ಟಲ್ಲ" ಎಂದ ಸತ್ತವನ ತಮ್ಮ. ಅಂಗಡಿಯನ್ನು ಇನ್ನು ತಾನೇ ನೋಡಿಕೊಳ್ಳುವುದಾಗಿಯೂ ರಿಪೇರಿ ನಿಲ್ಲಿಸಿ ಮೊಬೈಲ್ ಕವರು ಮಾರುವುದಾಗಿಯೂ ಹೇಳಿದ. ಬೀಗದ ಕೈ ಆಗಲೇ ಅವನ ಜೇಬು ಸೇರಿತ್ತು. ಅತ್ತಿಗೆಯನ್ನು ಒಂದು ಮಾತು ಕೇಳಿರಲಿಲ್ಲ.

ತಲೆದೆಸೆಯಲ್ಲಿ ಕೂತಿದ್ದ ಸತ್ತವನ ಹೆಂಡತಿ ತಲೆಯೆತ್ತಿ ಮೈದುನನ ಜೇಬನ್ನೇ ನೋಡಿದಳು. ಬೆಳಗಿನಿಂದ ಬಂದವರೆಲ್ಲರದೂ ಅದೇ ರಾಗ. ಕೈ, ಕೈ, ಕೈ.

*

ಗಂಡನ ಕೈ ಮೊದಲು ನಡುಗಿದಾಗ ಬೆಸುಗೆ ಕಡ್ಡಿ ಜಾರಿ ಯಾರೋ ವಕೀಲರ ಪೆಟ್ಟಿಗೆಯ ಬೋರ್ಡು ಸುಟ್ಟಿತ್ತು. ದೀಪ ನೆಟ್ಟಗೆ ಹಿಡಿಯಲಿಲ್ಲವೆಂದು ಅವನು ಅವಳ ಮೇಲೆ ಹರಿಹಾಯ್ದ. ಆಮೇಲೆ ಕಡ್ಡಿಯನ್ನು ಅವಳತ್ತ ತಳ್ಳಿದ.

"ಹಿಡಿ. ಕೆಟ್ರೆ ನಿನ್ನ ತಲೆ ಮೇಲೆ."

ಕೆಡಲಿಲ್ಲ. ಅಂಗಡಿಗೊಂದು ಪರದೆ ಬಂತು. ಅದರ ಹಿಂದೆ ಅವಳು ಊದಿಕೊಂಡ ಕೆಪಾಸಿಟರ್ ಕಿತ್ತು ಹೊಸದು ಕೂರಿಸುವಳು; ಮುಂದೆ ಅವನು ಕನ್ನಡಕ ತೆಗೆದು ಹಣೆ ಒರೆಸಿಕೊಳ್ಳುತ್ತ ಗಿರಾಕಿಯ ಹೊಗಳಿಕೆಗೆ ತಲೆದೂಗುವನು. ಒಂದು ದಿನವೂ ಚೆನ್ನಾಗಿದೆ ಅನ್ನಲಿಲ್ಲ. ಅವಳ ಬೆಸುಗೆಯನ್ನು ಭೂತಗನ್ನಡಿಯಲ್ಲಿ ನೋಡಿ, ತಪ್ಪು ಸಿಗದಿದ್ದರೆ ಮುಖ ಗಂಟು ಹಾಕಿಕೊಳ್ಳುತ್ತಿದ್ದ. ಜನಕ್ಕೆ ಹೇಳಿಬಿಡೋಣವೇ ಎಂದು ಅವಳೊಮ್ಮೆ ಕೇಳಿದ್ದಕ್ಕೆ ತಟ್ಟೆ ತಳ್ಳಿ ಎದ್ದುಹೋಗಿದ್ದ. ಕೊನೆಕೊನೆಗೆ ಆ ತಟ್ಟೆಯಲ್ಲಿ ಕಲಸಿ ಬಾಯಿಗಿಡುತ್ತಿದ್ದವಳೂ ಅವಳೇ. ಆಗಲೂ ತುತ್ತು ದೊಡ್ಡದಾಯಿತೆಂದು ಗೊಣಗುತ್ತಿದ್ದ.

*

"ಆ ಕೈ ನಂದು" ಎಂದಳು ಅವಳು.

ದುಃಖದಲ್ಲಿ ಏನೋ ಅಂತಾರೆ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದು ಮೈದುನ ಸ್ಟುಡಿಯೊದವನ ಕಿವಿಯಲ್ಲಿ ಹೇಳಿದ. ಅದು ಅವಳ ಕಿವಿಗೂ ಬಿತ್ತು. ಅವಳು ಎದ್ದಳು. ಹೆಣ ಎದುರಿಗಿರುವಾಗ ಎಲ್ಲಿಗೆ ಎಂದು ನಾದಿನಿ ತೋಳು ಹಿಡಿದಳು. ಕೊಡವಿಕೊಂಡು ಅಂಗಡಿಗೆ ಹೋದವಳೇ ಪರದೆಯನ್ನು ಸರಳಿನ ಸಮೇತ ಕಿತ್ತೆಸೆದಳು.

ಡಿಸ್ಕುಗಳನ್ನು ಒಂದೊಂದಾಗಿ ಎಳೆದು ಹಿಂದೆಯೇ ಬಂದ ಸ್ಟುಡಿಯೊದವನ ಕೈಗಿಟ್ಟಳು. ಪೆಟ್ಟಿಗೆ ಬಿಚ್ಚಿದಳು. ಬೋರ್ಡಿನ ಮೇಲೆ ಮೀಟರಿನ ತಂತಿಯ ಮೊನೆ ಊರುತ್ತ ಹೋಗಿ ಎಳ್ಳುಕಾಳಿನಂಥ ಒಂದು ಟ್ರಾನ್ಸಿಸ್ಟರಿನ ಬಳಿ ನಿಂತಳು. ಹೊರಗೆ ಹೆಣದ ವ್ಯಾನಿನವನು ಹಾರ್ನ್ ಹೊಡೆದ. ನಡುಬಾಗಿಲಲ್ಲಿ ನೆರೆದವರು ಯಾರೂ ಕದಲಲಿಲ್ಲ. ಹಳೆಯದನ್ನು ಕಿತ್ತು, ಹೊಸದನ್ನು ಚಿಮುಟದಲ್ಲಿ ಕೂರಿಸಿ, ಬೆಸುಗೆ ಹಾಕಿ, ಸ್ವಿಚ್ ಒತ್ತಿದಳು. ಫ್ಯಾನು ತಿರುಗಿತು. ಅವರೆಲ್ಲ ನಿಲ್ಲಲಿ ನಿಲ್ಲಲಿ ಎಂಬಂತೆ ನೋಡುತ್ತಿದ್ದರೂ ನಿಲ್ಲಲಿಲ್ಲ. ನೀಲಿ ದೀಪ ಹತ್ತಿತು.

ಸ್ಟುಡಿಯೊದವನು ಡಿಸ್ಕುಗಳನ್ನು ಒಳಕ್ಕೆ ತಳ್ಳಿ ಪೆಟ್ಟಿಗೆ ಎತ್ತಿಕೊಂಡ. ಹೋಗುವಾಗ ಉಪಕಾರವಾಯಿತೆಂದು ಹೇಳಿದ್ದು ಮೈದುನನಿಗೆ.

"ಸತ್ತವನ ಮಾನ ತೆಗೆದ್ರಿ, ಅತ್ತಿಗೆ. ಬೂದಿಯಾಗೋವರೆಗಾದ್ರೂ ಕಾಯಬಹುದಿತ್ತು."

"ಕಾದಿದ್ದು ಸಾಕು. ಬೀಗದ ಕೈ ಕೊಡು."

ಅವನು ಅದನ್ನು ನೆಲಕ್ಕೆಸೆದ. ಅವಳು ಬಗ್ಗಿ ಎತ್ತಿಕೊಂಡಳು.

ಹೆಣ ಏರಿಸಿದ ಮೇಲೆ ಹೆಂಗಸರು ಹಿಂದಿನ ವ್ಯಾನು ಹತ್ತಿದರು. ಅವಳು ಬಂದು ಕೂತದ್ದೇ ನಾದಿನಿ ಕಿಟಕಿಯತ್ತ ಸರಿದಳು, ಅವಳ ಪಕ್ಕದವಳೂ ಸರಿದಳು. ನಡುವೆ ಇಬ್ಬರು ಕೂರುವಷ್ಟು ಜಾಗ ಉಳಿಯಿತು. ಅವಳು ಆ ಜಾಗವನ್ನೂ ಸೇರಿಸಿಕೊಂಡು ಅಗಲವಾಗಿ ಕೂತು, ಮಸಿ ಹತ್ತಿದ ಬೆರಳುಗಳನ್ನು ಒರೆಸದೆ ಮಂಡಿಯ ಮೇಲೆ ಬಿಡಿಸಿಟ್ಟಳು.