ಸಾರಜನಕದ ಮೊದಲ ಲೋಟ

ಆ ಪೌಷ್ಟಿಕ ಪುಡಿಯ ಕಾರ್ಖಾನೆಯಲ್ಲಿ ಸತ್ಯ ಎನ್ನುವುದು ಉದ್ದ ಕತ್ತಿನ ಒಂದು ಗಾಜಿನ ಬುರುಡೆಯಲ್ಲಿ ಬೇಯುತ್ತಿತ್ತು. ಬೇಯಿಸುವವಳನ್ನು ಎಲ್ಲರೂ ಲ್ಯಾಬಕ್ಕ ಎಂದು ಕರೆಯುತ್ತಿದ್ದರು. ಚಿಟಿಕೆ ಪುಡಿಯನ್ನು ಆಸಿಡ್ಡಿಗೆ ಹಾಕಿ ಕುದಿಸುವುದು, ಅದು ಡಾಂಬರಿನಂತೆ ಕಪ್ಪಾಗಿ ಆಮೇಲೆ ತಿಳಿಯಾಗುವವರೆಗೆ ಕಾಯುವುದು, ಒಳಗಿನ ಸಾರಜನಕವನ್ನು ಅಮೋನಿಯಾ ಮಾಡಿ ಹಿಡಿದು ಅಳೆಯುವುದು, ಬಂದ ಅಂಕಿಯನ್ನು ಆರೂಕಾಲರಿಂದ ಗುಣಿಸಿ 'ಪ್ರೋಟೀನ್ ಇಷ್ಟು' ಎಂದು ಬರೆಯುವುದು. ಪ್ರೋಟೀನ್ ಇದ್ದಲ್ಲಿ ಸಾರಜನಕ ಇದ್ದೇ ಇರುತ್ತದೆ ಎಂಬುದು ಈ ಲೆಕ್ಕದ ನಂಬಿಕೆ. ಸಾರಜನಕ ಇದ್ದಲ್ಲೆಲ್ಲ ಪ್ರೋಟೀನ್ ಇದೆಯೇ ಎಂದು ಆಸಿಡ್ ಕೇಳುವುದಿಲ್ಲ. ಸ್ಮಶಾನದ ಬೆಂಕಿಯ ಹಾಗೆ ಅದಕ್ಕೆ ಎಲ್ಲರೂ ಒಂದೇ.

ಈ ಗುಟ್ಟು ಅಳಿಯಂದಿರಿಗೆ ತಿಳಿದದ್ದೇ ಎಡವಟ್ಟಾಯಿತು. ಅಳಿಯಂದಿರು ಎಂದರೆ ಧಣಿಯ ಮಗಳ ಗಂಡ. ಮದುವೆಯ ಜೊತೆಗೆ ಮ್ಯಾನೇಜರ್ ಕುರ್ಚಿಯೂ ಅವರಿಗೆ ಒಲಿದು ಬಂದಿತ್ತು. ಅವರು ಬಂದ ಮೇಲೆ ಹಿಂದಿನ ಗೇಟಿನಿಂದ ಹೆಸರು ಕೆರೆದ ಬಿಳಿ ಚೀಲಗಳು ಒಳಗೆ ಬರತೊಡಗಿದವು. ಹಾಲಿನ ಪುಡಿಯ ಡ್ರಮ್ಮುಗಳು ಒಂದೊಂದಾಗಿ ಮಾಯವಾದವು. ಸೋಯಾ ಹುರಿಯುವ ದೊಡ್ಡ ಒಲೆಯನ್ನೂ ಆರಿಸಿಬಿಟ್ಟರು. ಉರುವಲು ದಂಡವಂತೆ. ಹಸಿ ಕಾಳನ್ನೇ ನುಣ್ಣಗೆ ಬೀಸಿ ಬೆರೆಸಿದರು. ಆದರೂ ಲ್ಯಾಬಕ್ಕನ ಬುರುಡೆಯಲ್ಲಿ ಪ್ರೋಟೀನ್ ಇಳಿಯಲಿಲ್ಲ, ಏರಿತು. ಹಸುವನ್ನು ಹೊರಗೆ ಹಾಕಿದ ಮೇಲೆ ಹಾಲು ಹೆಚ್ಚಾದ ಕೊಟ್ಟಿಗೆಯನ್ನು ಅವಳು ಅದೇ ಮೊದಲು ಕಂಡದ್ದು.

ಒಂದು ಚೀಲದ ಮೂಲೆಯಿಂದ ಉದುರಿದ ಹರಳನ್ನು ಅವಳು ನೀರಿಗೆ ಹಾಕಿದಳು. ಕರಗುತ್ತಿದ್ದಂತೆ ಲೋಟ ತಣ್ಣಗಾಯಿತು. ಮಿಕ್ಕ ಪರೀಕ್ಷೆಗಳನ್ನೂ ಮಾಡಿ ನೋಡಿದಳು. ಯೂರಿಯಾ! ಹೊಲಕ್ಕೆ ಎರಚುವ ಗೊಬ್ಬರ.

"ಇದು ಶಿಶುಕೇಂದ್ರಗಳಿಗೆ ಹೋಗೋ ಪುಡಿ ಸಾರ್," ಎಂದಳು ಅಳಿಯಂದಿರ ಮೇಜಿನ ಮುಂದೆ ನಿಂತು.

"ಗೊತ್ತಮ್ಮ. ಪ್ರೋಟೀನ್ ಬಂದಿದೆಯೋ ಇಲ್ವೋ?"

"ಬಂದಿರೋದು ಸಾರಜನಕ."

"ಸಾರಜನಕಕ್ಕೇನು ಜಾತಿ ಇದೆಯಾ? ನಿಮ್ಮ ಪುಸ್ತಕದಲ್ಲೇ ಇದೆಯಲ್ಲ, ಜೀವ ಅಂದ್ರೆ ಇಂಗಾಲ, ಜಲಜನಕ, ಆಮ್ಲಜನಕ, ಸಾರಜನಕ ಅಂತ. ಆ ನಾಲ್ಕೂ ಈ ಚೀಲದಲ್ಲಿದೆ. ಇನ್ನೇನು ಬೇಕು?"

"ಹಾಗಾದ್ರೆ ನಾಳೆಯಿಂದ ಮನೇಲಿ ಅಡುಗೆ ಮಾಡಿಸ್ಬೇಡಿ ಸಾರ್. ಎರಡು ತುಂಡು ಇದ್ದಿಲು ಅಗಿದು, ಮೇಲೆ ನೀರು ಕುಡಿದು, ಕಿಟಕಿ ಹತ್ರ ನಿಂತು ಗಾಳಿ ಎಳ್ಕೊಳ್ಳಿ. ನಾಲ್ಕೂ ಹೊಟ್ಟೆಗೆ ಹೋಗುತ್ತೆ."

ಅಳಿಯಂದಿರು ನಗಲಿಲ್ಲ. ಅವಳೂ ನಗಿಸಲು ಹೇಳಿರಲಿಲ್ಲ.

"ಪ್ರೋಟೀನಲ್ಲಿ ಸಾರಜನಕ ಸರಪಳೀಲಿ ಕೈ ಹಿಡ್ಕೊಂಡು ನಿಂತಿರುತ್ತೆ. ಮೈ ಆ ಸರಪಳಿ ಬಿಚ್ಚಿ ಮಾಂಸ ಕಟ್ಕೊಳ್ಳುತ್ತೆ, ರಕ್ತ ಕಟ್ಕೊಳ್ಳುತ್ತೆ. ಎಲ್ಲ ಮುಗಿದ ಮೇಲೆ ಬೇಡ ಅಂತ ಮೂತ್ರಪಿಂಡ ಸೋಸಿ ಹೊರಗೆ ಹಾಕೋದೇ ಈ ಯೂರಿಯಾ. ಮೈ ಉಗಿದದ್ದನ್ನ ಮಕ್ಕಳ ಬಾಯಿಗೆ ವಾಪಸ್ ಇಡ್ತಿದ್ದೀರಿ."

"ಮಾವನವರು ಮೊದಲ ಲೋಟ ಕುಡಿದ ಮೇಲೆ ಯಾರ ಮಾತೂ ನಡೆಯಲ್ಲ," ಎಂದು ಅಳಿಯಂದಿರು ಫೋನ್ ಎತ್ತಿಕೊಂಡರು.

ಮೊದಲ ಲೋಟ ಆ ಕಾರ್ಖಾನೆಯ ಹಳೆಯ ಪದ್ಧತಿ. ಪ್ರತಿ ಹೊಸ ಕಂತಿನ ಪುಡಿ ಲಾರಿ ಹತ್ತುವ ಮುನ್ನ ಧಣಿ ಪ್ಯಾಕಿಂಗ್ ಹಾಲ್‌ಗೆ ಬಂದು, ಕೆಲಸಗಾರರ ಎದುರು, ತಪಾಸಣೆಯ ಸಾಹೇಬರ ಎದುರು, ಫೋಟೋದವನ ಎದುರು ಆ ಪುಡಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಕಲಸಿ ಗಟಗಟ ಕುಡಿಯುತ್ತಿದ್ದರು. ಮೀಸೆಗೆ ಹತ್ತಿದ ಬಿಳಿಯನ್ನು ಒರೆಸುತ್ತಿರಲಿಲ್ಲ, ಫೋಟೋದಲ್ಲಿ ಅದು ಬರಬೇಕಿತ್ತು. ಇತ್ತೀಚೆಗೆ ಆ ಲೋಟದ ಪುಡಿ ಧಣಿಯ ಕೋಣೆಯ ಬೀರುವಿನಿಂದ, ಅಪ್ಪಟ ಹಾಲಿನ ಬೇರೆ ಡಬ್ಬಿಯಿಂದ ಬರುತ್ತಿತ್ತು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವುದನ್ನು ಹಾಲ್ ತುಂಬ ಹೆಂಗಸರು ಕಣ್ಣು ಬಿಟ್ಟುಕೊಂಡು ನೋಡುತ್ತಿದ್ದರು.

ಅವರಲ್ಲಿ ಹಿರಿಯಳು ಚೀಲ ಹೊಲಿಯುವ ದೊಡ್ಡಮ್ಮ. ಅವಳ ಮೊಮ್ಮಗಳು ಮಧ್ಯಾಹ್ನ ಉಣ್ಣುವುದು ಶಿಶುಕೇಂದ್ರದಲ್ಲಿ. ಲ್ಯಾಬಕ್ಕ ಊಟದ ಬಿಡುವಿನಲ್ಲಿ ವಿಷಯ ಹೇಳಿದಾಗ ದೊಡ್ಡಮ್ಮ ತುತ್ತನ್ನು ಡಬ್ಬಿಗೆ ಹಾಕಿ ಮುಚ್ಚಿದಳು.

"ಹಾಲು ಕುಡಿದ ಮಕ್ಕಳೇ ಬದುಕೋದು ಕಷ್ಟ. ಇವರು ಗೊಬ್ಬರ ಕುಡಿಸ್ತಾರಾ? ನಾವೇನು ಮಕ್ಕಳನ್ನ ಹೆತ್ತಿದ್ದೀವೋ, ಬದನೆ ಗಿಡ ಹಾಕಿದ್ದೀವೋ?"

"ಇವತ್ತು ತಪಾಸಣೆ ಸಾಹೇಬರು ಬರ್ತಾರೆ ದೊಡ್ಡಮ್ಮ. ಅವರ ಮುಂದೆ ಇಡ್ತೀನಿ. ಓದಿದವರು, ಅರ್ಥ ಆಗುತ್ತೆ."

"ಅರ್ಥ ಆಗದೆ ಏನು ಮಗಳೇ, ಅವರಿಗೆ ಎಲ್ಲ ಅರ್ಥ ಆಗುತ್ತೆ. ಅದೇ ಭಯ."

ಲ್ಯಾಬಕ್ಕ ಕೇಳಲಿಲ್ಲ. ಅವಳಿಗೆ ಇನ್ನೂ ಪ್ರಯೋಗದಲ್ಲಿ ನಂಬಿಕೆಯಿತ್ತು. ಧಣಿಗೆ ಸಕ್ಕರೆ ಕಾಯಿಲೆ. ಹೊರಗೆ ಪರೀಕ್ಷೆಗೆ ಕೊಟ್ಟರೆ ಖರ್ಚೆಂದು ದಿನಾ ಬೆಳಿಗ್ಗೆ ತಮ್ಮ ಮೂತ್ರದ ಬಾಟಲಿಯನ್ನು ಕಾರ್ಖಾನೆಯ ಲ್ಯಾಬಿಗೇ ಕಳಿಸುತ್ತಿದ್ದರು. ಅವಳು ಆ ಬಾಟಲಿಯಿಂದ ಒಂದಿಷ್ಟನ್ನು ತೆಗೆದು ಬುರುಡೆಗೆ ಹಾಕಿದಳು. ಕುದಿಸಿದಳು, ಹಿಡಿದಳು, ಆರೂಕಾಲರಿಂದ ಗುಣಿಸಿದಳು.

ಇಳಿಮಧ್ಯಾಹ್ನ ಧಣಿಯ ಕೋಣೆಯಲ್ಲಿ ಮೂವರೂ ಕೂತಿದ್ದರು: ಧಣಿ, ಅಳಿಯಂದಿರು, ತಪಾಸಣೆಯ ಸಾಹೇಬರು. ಲ್ಯಾಬಕ್ಕ ಎರಡು ಬಾಟಲಿ ತಂದು ಮೇಜಿನ ಮೇಲಿಟ್ಟಳು.

"ಸರ್, ಇದು ಹಸುವಿನ ಹಾಲು. ಇದು ನಮ್ಮಲ್ಲೇ ತಯಾರಾದ ಒಂದು ದ್ರವ. ನೀವು ಒಪ್ಪಿರೋ ಪರೀಕ್ಷೆ ಪ್ರಕಾರ ಇದರಲ್ಲಿ ಹಾಲಿಗಿಂತ ಜಾಸ್ತಿ ಪ್ರೋಟೀನ್ ಇದೆ. ಹತ್ತತ್ರ ಎರಡರಷ್ಟು."

"ಭೇಷ್!" ಸಾಹೇಬರು ಮುಂದಕ್ಕೆ ಬಾಗಿದರು. "ಹಾಲಿಗಿಂತ ಜಾಸ್ತೀನಾ? ಧಣಿಗಳೇ, ಇದನ್ನ ಯಾಕೆ ಮುಚ್ಚಿಟ್ಟಿದ್ರಿ?"

"ನಮ್ಮ ಅಳಿಯಂದಿರ ತಲೆ ಅದು," ಎಂದು ಧಣಿ ಬೀಗಿದರು. "ಯಾವುದಮ್ಮ ಇದು?"

"ನಿಮ್ಮದೇ ಧಣಿ. ಬೆಳಿಗ್ಗೆ ಸಕ್ಕರೆ ನೋಡೋಕೆ ಕಳ್ಸಿದ್ರಲ್ಲ, ಅದು."

ಈಗ ನಾಚಿಕೆಯಾದೀತು, ಈಗ ಯಾರಾದರೂ ತಲೆ ತಗ್ಗಿಸಿಯಾರು ಎಂದು ಅವಳು ಕಾದಳು. ಧಣಿ ಬಾಟಲಿ ಎತ್ತಿ ಬೆಳಕಿಗೆ ಹಿಡಿದರು. ಅವರ ಮುಖದಲ್ಲಿ ಮೂಡಿದ್ದು ಅಭಿಮಾನ.

"ಎರಡರಷ್ಟಾ?" ಎಂದರು ಮೆಲ್ಲಗೆ. "ನೋಡಿ, ಈ ವಯಸ್ಸಲ್ಲೂ!"

ಸಾಹೇಬರು ಕನ್ನಡಕ ಒರೆಸಿಕೊಂಡರು. "ನೋಡಮ್ಮ, ನಿನ್ನ ಬುದ್ಧಿ ಮೆಚ್ಚಿದೆ. ಆದ್ರೆ ನಿಯಮದಲ್ಲಿ ಇರೋದು ಸಾರಜನಕ ಅಳೀಬೇಕು ಅಂತ. ಅದು ಎಲ್ಲಿಂದ ಬಂತು ಅಂತ ಕೇಳೋಕೆ ನಿಯಮಕ್ಕೆ ಬಾಯಿಲ್ಲ. ನಾನು ನಿಯಮದವನು."

"ನಿಯಮಕ್ಕೆ ಮೂಗೂ ಇಲ್ವಾ ಸರ್?"

"ನಾಳೆಯಿಂದ ನೀನು ಬರೋದು ಬೇಡ," ಎಂದರು ಅಳಿಯಂದಿರು. "ಲಾರಿ ಕಾಯ್ತಿದೆ. ಮಾವ, ಮೊದಲ ಲೋಟ ಮುಗಿಸಿಬಿಡೋಣ."

ಪ್ಯಾಕಿಂಗ್ ಹಾಲ್‌ನಲ್ಲಿ ಹೊಲಿಗೆಯ ಮಷೀನುಗಳು ನಿಂತಿದ್ದವು. ಮೇಜಿನ ಮೇಲೆ ಆಗಲೇ ಒಂದು ಸ್ಟೀಲ್ ಲೋಟ ಇತ್ತು. ದೊಡ್ಡಮ್ಮ ಇನ್ನೂ ಬಾಯಿ ಹೊಲಿಯದ ಚೀಲದಿಂದ ತಾನೇ ಪುಡಿ ತೆಗೆದು, ತಾನೇ ಬೆಚ್ಚಗಿನ ನೀರಿನಲ್ಲಿ ಕಲಸಿಟ್ಟಿದ್ದಳು.

"ಬೀರುವಿನ ಡಬ್ಬಿ ಯಾಕೆ ಧಣಿ, ಪಾಪ, ಖರ್ಚು. ಇವತ್ತು ನಮ್ಮ ಕೈಯಿಂದ ಕುಡೀರಿ."

ಧಣಿ ಅಳಿಯನ ಮುಖ ನೋಡಿದರು. ಅಳಿಯಂದಿರು ಸಾಹೇಬರ ಮುಖ ನೋಡಿದರು. ಫೋಟೋದವನು ಎಲ್ಲರ ಮುಖವನ್ನೂ ನೋಡಿದ. ಇಂಥ ಹೊತ್ತಿಗೆ ಒದಗುವುದು ಭಾಷಣ. ಧಣಿ ಶುರುಮಾಡಿದರು. ಮಕ್ಕಳೇ ನಾಡಿನ ಸಂಪತ್ತು, ಕಾರ್ಖಾನೆಯೇ ಒಂದು ಕುಟುಂಬ, ತಾವು ಅದರ ಯಜಮಾನ. ಕುಟುಂಬ ಕೈಕಟ್ಟಿ ಕೇಳಿತು. ಭಾಷಣ ಉದ್ದವಾಯಿತು, ಲೋಟ ಅಲ್ಲೇ ಇತ್ತು.

ಲ್ಯಾಬಕ್ಕನಿಗೆ ಆಗ ಹೊಳೆಯಿತು. ಹುರಿಯುವ ಒಲೆ! ಸೋಯಾ ಕಾಳಿನೊಳಗೆ ಒಂದು ಕಿಣ್ವ ಇರುತ್ತದೆ. ಅದಕ್ಕೆ ಲೋಕದಲ್ಲಿ ಗೊತ್ತಿರುವುದು ಒಂದೇ ಕೆಲಸ, ಯೂರಿಯಾ ಕಂಡರೆ ಸೀಳಿ ಅಮೋನಿಯಾ ಮಾಡುವುದು. ಹುರಿದಿದ್ದರೆ ಸತ್ತಿರುತ್ತಿತ್ತು. ಉರುವಲು ಉಳಿಸಲು ಹೋಗಿ ಅಳಿಯಂದಿರು ಅದನ್ನೇ ಉಳಿಸಿದ್ದರು. ಒಣ ಪುಡಿಯಲ್ಲಿ ಸುಮ್ಮನೆ ಮಲಗಿದ್ದ ಆ ಸಾಕ್ಷಿ ಬೆಚ್ಚಗಿನ ನೀರು ಬಿದ್ದದ್ದೇ ಕಣ್ಣು ಬಿಟ್ಟಿತ್ತು. ಆಸಿಡ್ಡಿನ ಹಾಗೆ ಅದು ಎಲ್ಲರನ್ನೂ ಒಂದೇ ಎನ್ನುವುದಿಲ್ಲ, ಕಳ್ಳನನ್ನು ಹೆಸರು ಹಿಡಿದು ಕರೆಯುತ್ತದೆ.

"ಮಾತಾಡ್ಲಿ ಬಿಡಿ ದೊಡ್ಡಮ್ಮ," ಎಂದಳು ಮೆಲ್ಲಗೆ. "ಎಷ್ಟು ಹೊತ್ತಾದ್ರೂ ಮಾತಾಡ್ಲಿ."

ಧಣಿ 'ತಾಯಿಯ ಎದೆಹಾಲಿಗೆ ಸಮಾನ' ಎನ್ನುವಲ್ಲಿಗೆ ಬಂದಾಗ ಮುಂದಿನ ಸಾಲಿನ ಹೆಂಗಸೊಬ್ಬಳು ಸೆರಗನ್ನು ಮೂಗಿಗೆ ಒತ್ತಿಕೊಂಡಳು. ಆಮೇಲೆ ಪಕ್ಕದವಳು. ಸಾಹೇಬರ ಕರವಸ್ತ್ರವೂ ಜೇಬಿನಿಂದ ಮೇಲೇರಿತು. ನಿಯಮಕ್ಕೆ ಇಲ್ಲದ ಮೂಗು ಸಾಹೇಬರಿಗೆ ಇತ್ತು. ಬಸ್ ಸ್ಟ್ಯಾಂಡಿನ ಹಿಂಗೋಡೆಯ ವಾಸನೆ ಹಾಲ್‌ನಲ್ಲಿ ಮೆಲ್ಲಗೆ ಹರಡಿತು.

ಧಣಿ ಮಾತು ನಿಲ್ಲಿಸಿ ಸಿಡುಕಿದರು. "ಯಾವನೋ ಇಲ್ಲಿ ಮೂತ್ರ ಮಾಡಿರೋನು?"

"ನಿಮ್ಮ ಬಾಟ್ಲಿ ನಿಮ್ಮ ಕೋಣೇಲೇ ಇದೆ ಧಣಿ," ಎಂದಳು ದೊಡ್ಡಮ್ಮ, ಲೋಟವನ್ನು ಅವರತ್ತ ತಳ್ಳುತ್ತ. "ಇದು ನಮ್ಮ ಮಕ್ಕಳ ಲೋಟ."

ಮೊದಲು ಒಬ್ಬಳು ಕಿಸಕ್ಕೆಂದಳು. ಆಮೇಲೆ ಇಡೀ ಹಾಲ್ ನಕ್ಕಿತು. ಆ ನಗು ನಿಂತಾಗ ಮಾತ್ರ ಯಾರ ಮುಖದಲ್ಲೂ ನಗುವಿನ ಗುರುತು ಇರಲಿಲ್ಲ.

"ಮಷೀನ್ ಹಾಕ್ರೇ!" ಅಳಿಯಂದಿರು ಕೂಗಿದರು. "ಲಾರಿ ಹೊರಡ್ಬೇಕು!"

"ಹೊರಡುತ್ತೆ ಅಳಿಯಂದಿರೇ. ಪದ್ಧತಿ ನಿಮ್ಮದೇ ತಾನೇ? ಮೊದಲ ಲೋಟ ಖಾಲಿ ಆಗ್ಲಿ, ಆಮೇಲೆ ಹೊಲಿಗೆ." ದೊಡ್ಡಮ್ಮ ಮಷೀನಿನ ದಾರ ಬಿಚ್ಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಉಳಿದವರೂ ಬಿಚ್ಚಿದರು.

ಅಳಿಯಂದಿರು ಲೋಟವನ್ನು ಎತ್ತಿ ಚೆಲ್ಲಲು ಹೋದರು.

"ಚೆಲ್ಲಿ ಸಾರ್, ಪರವಾಗಿಲ್ಲ," ಎಂದಳು ಲ್ಯಾಬಕ್ಕ. ಕೆಲಸ ಹೋದವಳ ದನಿಯಾಗಿರಲಿಲ್ಲ ಅದು. "ಇನ್ನೊಂದು ಕಲಸ್ತೀವಿ. ಪುಡಿ ಬೇಕಾದಷ್ಟಿದೆ."

ಅವರು ಲೋಟವನ್ನು ಇದ್ದಲ್ಲೇ ಇಟ್ಟರು. ಕ್ಯಾಮೆರಾ ಒಂದು ಸಲ ಮಿಂಚಿತು. ಫೋಟೋದವನಿಗೂ ಶಿಶುಕೇಂದ್ರಕ್ಕೆ ಹೋಗುವ ಮಗನಿದ್ದ.

ಸಂಜೆಯವರೆಗೂ ಲಾರಿಯ ಡ್ರೈವರ್ ಹಾರನ್ ಹೊಡೆದು ನೋಡಿದ, ಕೊನೆಗೆ ಇಂಜಿನ್ ಆರಿಸಿ ಒಳಗೆ ಬಂದು ಕೂತ. ಬಾಯಿ ತೆರೆದ ಚೀಲಗಳ ನಡುವೆ ಹೆಂಗಸರು ಕೂತೇ ಇದ್ದರು. ಲೋಟ ಮೇಜಿನ ಮೇಲೆ ನಾರುತ್ತಲೇ ಇತ್ತು. ಹೆಚ್ಚಿನ ಪ್ರೋಟೀನ್ ಅಷ್ಟು ಹತ್ತಿರದಲ್ಲಿದ್ದರೂ ಧಣಿ, ಅಳಿಯ, ಸಾಹೇಬರು ಯಾರಿಗೂ ಬಾಯಾರಿಕೆಯಾಗಲಿಲ್ಲ.