ಹೊಟ್ಟಿನ ಕಷಾಯ

ಶೈಲಶ್ರೀ ತನ್ನೂರು ಇಜೇರಿಗೆ ಬಂದದ್ದು ಒಂದು ಚೀಲ ತೊಗರಿ ಹೊಟ್ಟಿಗಾಗಿ. ಕಡಗಂಚಿಯ ವಿಶ್ವವಿದ್ಯಾಲಯದಲ್ಲಿ ಅವಳ ಸಂಶೋಧನೆಯೆಲ್ಲ ಈ ಹೊಟ್ಟಿನ ಮೇಲೆಯೇ ನಡೆದಿತ್ತು. ಗಾಜಿನ ತಟ್ಟೆಯಲ್ಲಿ ಬೆಳೆಸಿದ ಮಿದುಳಿನ ಜೀವಕೋಶಗಳಿಗೆ ಮೊದಲು ಹೊಟ್ಟಿನ ಸಾರ, ಆಮೇಲೆ ವಿಷ ಹಾಕಿ ನೋಡಿದರೆ, ಅರ್ಧದಷ್ಟು ಸಾಯದೆ ಉಳಿದಿದ್ದವು. ದನಕ್ಕೆ ಹಾಕುವ ಹೊಟ್ಟಿಗೆ ಎಂಥ ಯೋಗ! ಎರಡು ತಿಂಗಳ ಹಿಂದೆ ಆ ಖುಷಿಯನ್ನು ಅವಳು ಮೊದಲು ಫೋನಿನಲ್ಲಿ ಹೇಳಿದ್ದು ಅಪ್ಪ ಶಾಂತಲಿಂಗಪ್ಪನಿಗೆ. ಹೊಟ್ಟು ಅವನ ಬೇಳೆ ಗಿರಣಿಯದು. ಪಾರ್ಕಿನ್ಸನ್ ಕಾಯಿಲೆಯೂ ಅವನದೇ.

ಹೇಳಬಾರದಿತ್ತು. ಆದರೆ ಬಾಯಿ ಸುಮ್ಮನಿರಬೇಕಲ್ಲ!

ನಾಲ್ಕು ತಿಂಗಳ ಹಿಂದೆ ಪೂಜೆಗೆ ಕೂತಾಗ ಅಪ್ಪನ ಎಡಗೈ ನಡುಗಿ, ಅಂಗೈಯಲ್ಲಿದ್ದ ಇಷ್ಟಲಿಂಗ ನೆಲಕ್ಕೆ ಜಾರಿತ್ತು. ಅವತ್ತಿನಿಂದ ಅವನು ಲಿಂಗವನ್ನು ಹೊರಗೆ ತೆಗೆದಿಲ್ಲ. ಕೊರಳಲ್ಲಿ ತೂಗುವ ಬೆಳ್ಳಿಯ ಕರಡಿಗೆಯನ್ನೇ ಕಣ್ಣಿಗೊತ್ತಿಕೊಂಡು ಏಳುತ್ತಾನೆ. ಮತ್ತೊಮ್ಮೆ ಲಿಂಗವನ್ನು ಅಂಗೈಯಲ್ಲಿ ಅಲುಗದಂತೆ ಹಿಡಿಯಬೇಕು, ಅವನಿಗೆ ಬೇಕಾದದ್ದು ಅಷ್ಟೇ.

ಮಗಳಿಗೆಂದು ಆರಿಸಿದ ಹೊಟ್ಟಿನ ಚೀಲವನ್ನು ಅಪ್ಪ ಪಡಸಾಲೆಯಲ್ಲಿ ತನ್ನ ಮಂಚದ ಪಕ್ಕದಲ್ಲೇ ಇರಿಸಿಕೊಂಡಿದ್ದ. ಶೈಲಶ್ರೀ ಅದಕ್ಕೆ ಕೈ ಹಾಕಿದಾಗ ಬೆರಳಿಗೆ ಗುಳಿಗೆಗಳು ಹತ್ತಿದವು. ಒಂದಲ್ಲ, ಎರಡಲ್ಲ, ಬೊಗಸೆ ತುಂಬ, ಅಪ್ಪನ ನಡುಕಕ್ಕೆ ಕೊಟ್ಟ ಹಳದಿ ಗುಳಿಗೆ. ಅವ್ವ ಕೈಗಿಟ್ಟು ನೀರು ತರಲು ಹೋದಾಗಲೆಲ್ಲ ಅವನು ಇಲ್ಲಿ ಹುದುಗಿಸಿದ್ದ. ಈಚೆಗೆ ಅವನು ಎರಡು ಸಲ ಬಿದ್ದದ್ದು, ಮೈಯೆಲ್ಲ ಕಟ್ಟಿಗೆಯಂತಾದದ್ದು ಯಾಕೆಂದು ಈಗ ತಿಳಿಯಿತು. ಅವಳಿಗೆ ಸಿಟ್ಟು ನೆತ್ತಿಗೇರಿತು.

"ಗುಳಿಗಿ ಯಾಕ ಬಿಟ್ರಿ ಅಪ್ಪಾ? ಯಾರ ಹೇಳಿದ್ರು ನಿಮಗ?"

"ನೀನ ಹೇಳಿದ್ಯಲ್ಲಬೇ," ಅಪ್ಪ ನಕ್ಕ. "ಮಗಳ ಔಷಧ ಮನ್ಯಾಗ ಇದ್ದಾಗ ಮಂದಿ ಗುಳಿಗಿ ಯಾಕ? ನಿಮ್ಮವ್ವ ಹೊಟ್ಟ ಕುದಿಸಿ ಕೊಡ್ತಾಳ, ಎರಡೂ ಹೊತ್ತ ಕುಡಿಯಾಕತ್ತೇನಿ. ಇನ್ನ ಎಷ್ಟ ದಿನಕ್ಕ ಕೈ ನಿಂದರ್ತದ?"

ಸಿಟ್ಟೆಲ್ಲ ಇಳಿಯಿತು. ಒಂದು ಸುಳ್ಳು ಹೇಳಿಬಿಡಲೇ ಅನ್ನಿಸಿತು. ಹೇಳಲಿಲ್ಲ.

"ಅದು ಗಾಜಿನ ತಾಟಿನಾಗಿನ ಮಾತು ಅಪ್ಪಾ. ಮನಷ್ಯಾರಿಗೆ ಕೊಟ್ಟ ನೋಡಿಲ್ಲ. ಅಲ್ಲೂ ಅದು ಇದ್ದ ಜೀವ ಕಾಯ್ತದ, ಅಷ್ಟ. ಸತ್ತದ್ದನ್ನ ಎಬ್ಬಸಂಗಿಲ್ಲ."

"ನನ್ನ ತಲ್ಯಾಗಿನವು?"

"ಕೈ ನಡುಗಾಕ ಸುರು ಆಗೂದ್ರಾಗನ ಭಾಳ ಸತ್ತಿರ್ತಾವ್ರಿ. ನಾಳೆ ಡಾಕ್ಟರ ಕಡಿ ಹೋಗೂಣು. ಗುಳಿಗಿ ತೊಗೊಂಡ್ರ ನಡುಕ ಕಡಿಮಿ ಆಗ್ತದ. ಪೂರಾ ನಿಂದರಂಗಿಲ್ಲ."

ಅಪ್ಪ ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದ. ಅವನ ಕೈಯ ಜೊತೆಗೆ ಕರಡಿಗೆಯೂ ನಡುಗುತ್ತಿತ್ತು. ಆಮೇಲೆ, ಅವ್ವ ಆಗಲೇ ತಂದಿಟ್ಟಿದ್ದ ಸಂಜೆಯ ಕಷಾಯದ ಲೋಟವನ್ನು ಎತ್ತಿ ಮಗಳತ್ತ ಚಾಚಿದ.

"ಹಂಗಾದ್ರ ನೀ ಕುಡಿಯವ್ವಾ. ನಿನ್ನವು ಇನ್ನಾ ಜೀವಂತ ಅದಾವಲ್ಲ."

ಲೋಟ ಅವಳ ಕೈಗೆ ಬರುವಷ್ಟರಲ್ಲಿ ಅರ್ಧ ಚೆಲ್ಲಿ ಹೋಗಿತ್ತು. ಉಳಿದರ್ಧವನ್ನು ಅವಳು ಅವನ ಮುಂದೆಯೇ ಕುಡಿದಳು. ವಿಪರೀತ ಒಗರು. ಇದನ್ನು ಅಪ್ಪ ಎರಡು ತಿಂಗಳು, ದಿನಕ್ಕೆರಡು ಹೊತ್ತು, ಮುಖ ಕಿವುಚದೆ ಕುಡಿದಿದ್ದ.