ಹದಿನೇಳನೆಯ ಸ್ಲೈಡು

ಮಂಡ್ಯ ಜಿಲ್ಲೆಯಲ್ಲಿ ನನ್ನಷ್ಟು ಮಾತಾಡುವವರು ಇನ್ನೂ ಹುಟ್ಟಿಲ್ಲ. ಹುಟ್ಟಿದ್ದರೂ, ನನ್ನ ಮಾತು ಮುಗಿಯಲಿ ಅಂತ ಎಲ್ಲೋ ಕಾಯುತ್ತಾ ಕೂತಿರಬೇಕು. ಕೊತ್ತತ್ತಿಯ ಶೋಭಿತಾ ಅಂದರೆ ನಾನೇ. ನಾಲೆ ಏರಿಯ ಮೇಲೆ ನಿಂತು ಬಾಯಿ ತೆರೆದರೆ ನೀರು ಎರಡು ನಿಮಿಷ ನಿಂತು, ಕೇಳಿಸಿಕೊಂಡು, ಆಮೇಲೆ ಹರಿಯುತ್ತದೆ. ಅಂಥ ನನಗೆ ಮಂಡ್ಯದ ಕಾಲೇಜಿನಲ್ಲಿ ಇಪ್ಪತ್ತೇ ಸೆಕೆಂಡು ಕೊಟ್ಟರು.

ಕೊಟ್ಟವರು ಸುನಿತಾ ಮೇಡಂ. ದಿನಾ ಮಳವಳ್ಳಿಯಿಂದ ಬಸ್ಸಿನಲ್ಲಿ ಬರುತ್ತಾರೆ. ಅವರು ಗಡಿಯಾರ ನೋಡಿಕೊಂಡರೆ ಸಾಕು, ಡ್ರೈವರು ಹೆದರಿ ಗೇರು ಬದಲಿಸುತ್ತಾನೆ. ನಮ್ಮ ಎಂ.ಕಾಂ ತರಗತಿಗೆ ಅವರು ತಂದ ಹೊಸ ಪರೀಕ್ಷೆ ಹೀಗಿತ್ತು: ನಿಮ್ಮೂರಿನ ಒಂದು ಕಸುಬಿನ ಬಗ್ಗೆ ಇಪ್ಪತ್ತು ಸ್ಲೈಡು. ಪ್ರತಿ ಸ್ಲೈಡು ಪರದೆಯ ಮೇಲೆ ಇಪ್ಪತ್ತು ಸೆಕೆಂಡು ನಿಂತು ತಾನೇ ಸರಿದುಹೋಗುತ್ತದೆ. ಒಂದೊಂದಕ್ಕೂ ಒಂದು ಅಂಕ. ಮಾತು ಹಿಂದೆ ಬಿದ್ದರೆ ಆ ಅಂಕ ಹೋಯಿತು. ಬಾಯಿ ಮುಚ್ಚಿಕೊಂಡು ನಿಂತರೂ ಹೋಯಿತು. ಎರಡು ಸುತ್ತು ಸೇರಿ ನಲವತ್ತಕ್ಕೆ ಇಪ್ಪತ್ತು ಬರದಿದ್ದರೆ ವರ್ಷದ ಪರೀಕ್ಷೆಗೆ ಕೂರುವಂತಿಲ್ಲ.

ಮೊದಲ ಸುತ್ತಿನಲ್ಲಿ ನಾನು ಆರಿಸಿಕೊಂಡದ್ದು ನಮ್ಮ ತಾತನ ಆಲೆಮನೆ. ಕಬ್ಬಿಗೆ ಎಷ್ಟು ಗಿಣ್ಣು ಅನ್ನುವುದರಿಂದ ಶುರು ಮಾಡಿದೆ. ಸ್ಲೈಡುಗಳೋ, ಯಲಿಯೂರಿನಲ್ಲಿ ನಿಲ್ಲದ ಎಕ್ಸ್‌ಪ್ರೆಸ್ ರೈಲಿನ ಬೋಗಿಗಳ ಹಾಗೆ ದಡದಡ ಹೊರಟುಹೋದವು. ಪರದೆಯ ಮೇಲೆ ಬೆಲ್ಲ ಲಾರಿ ಹತ್ತಿತ್ತು, ನನ್ನ ಬಾಯಲ್ಲಿ ಇನ್ನೂ ಕಬ್ಬಿಗೆ ನೀರು ಕಟ್ಟುತ್ತಿದ್ದರು. ಮೂರು ಅಂಕ ಬಂತು. ಮದ್ದೂರಿನ ಜಾಕಿಯಾ ತನ್ನಪ್ಪನ ಗ್ಯಾರೇಜಿನ ಮೇಲೆ ಮಾತಾಡಿ, ಆರು ನಿಮಿಷ ನಲವತ್ತು ಸೆಕೆಂಡಿನಲ್ಲಿ ಇಂಜಿನ್ ಬಿಚ್ಚಿ, ಜೋಡಿಸಿ, ಸ್ಟಾರ್ಟ್ ಮಾಡಿ ಕೂತಳು. ಅವಳಿಗೆ ಹತ್ತೊಂಬತ್ತು.

"ನಿಂಗಿನ್ನು ಅದಿನೇಳು ಬೇಕಲ್ಲೇ," ಅಂದಳು. "ಅಂಗಡೀಗ್ ಬಾ, ನಮ್ಮಪ್ಪಂಗೇಳಿ ನಿನ್ ಬಾಯ್ಗೊಂದು ಬ್ರೇಕ್ ಆಕುಸ್ತೀನಿ."

ಮನೆಗೆ ಹೋಗಿ ತಾತನ ಮುಂದೆ ಮೇಡಂ ಮೇಲೆ ಚಾಡಿ ಹೇಳಿದೆ. ನಮ್ಮ ತಾತ ಕೆಂಪಸಿದ್ದಯ್ಯ ಸಾಮಾನ್ಯನಲ್ಲ. ಕಣ್ಣು ಮುಚ್ಚಿ ಮಲಗಿದ್ದಲ್ಲಿಂದಲೇ ಪಕ್ಕದೂರಿನ ಆಲೆಮನೆಯ ಕುದಿ ಕೇಳಿ "ಇಳುಸ್ರಲಾ!" ಅಂತ ಕೂಗುವವನು. ನಲವತ್ತು ವರ್ಷದಲ್ಲಿ ಅವನ ಕೈಯಲ್ಲಿ ಒಂದು ಪಾಕವೂ ಸೀದಿರಲಿಲ್ಲ.

"ಇಪ್ಪತ್ ಸೆಕೆಂಡಾ?" ಅಂದ. "ಅಷ್ಟೊತ್ಗೆ ಒಂದ್ ಕೊಪ್ಪರ್ಗೆ ಬೆಲ್ಲ ಆಳಾಗೋಯ್ತದೆ ಕಣವ್ವ. ಅದೇನ್ ಕಮ್ಮಿ ಒತ್ತಾ?"

ಅಷ್ಟೇ ಸಾಕಾಯಿತು. ಮೇಡಂ ಕೊಟ್ಟ ನಿಯಮದ ಹಾಳೆಯನ್ನು ಏಳುನೂರು ಸಲ ಓದಿದೆ. ಇಪ್ಪತ್ತು ಪಟ ಬೇರೆ ಬೇರೆ ಇರಬೇಕು ಅಂತ ಎಲ್ಲೂ ಇರಲಿಲ್ಲ. ಪಾಕದ ಕೊನೆಯ ಆರು ನಿಮಿಷ ನಲವತ್ತು ಸೆಕೆಂಡನ್ನೇ ಹಿಡಿಯೋಣ ಅಂತ ಬಿದಿರಿನ ಗಳಕ್ಕೆ ಫೋನು ಕಟ್ಟಿ, ಇಪ್ಪತ್ತು ಸೆಕೆಂಡಿಗೊಂದರಂತೆ ಒಂದೇ ಕೊಪ್ಪರಿಗೆಯ ಪಟ ತೆಗೆಯುತ್ತಾ ಹೋದೆ.

ಹದಿನೇಳನೆಯ ಪಟದ ಹೊತ್ತಿಗೆ ತಾತ ಚೂರು ಪಾಕವನ್ನು ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಕಟ್ಟಿ ನೋಡಿದ. "ಆಯ್ತು. ಸರ್ಕೋ, ಇಳುಸ್ತೀನಿ."

"ಇನ್ ಮೂರ್ ಪಟ ಐತೆ ತಾತ. ಒಂದೇ ನಿಮಿಸ. ಇಪ್ಪತ್ತಾಗ್ದಿದ್ರೆ ಮೇಡಂ ಒಪ್ಪಲ್ಲ."

ತಾತ ಕೊಪ್ಪರಿಗೆ ನೋಡಿದ, ನನ್ನ ಮುಖ ನೋಡಿದ. ಯಾರ ಮಾತನ್ನೂ ಕೇಳದ ಮನುಷ್ಯ. "ನಿನ್ ಓದಲ್ವಾ, ತಗಾ," ಅಂದು ಕೈಕಟ್ಟಿ ನಿಂತ.

ಇಪ್ಪತ್ತನೆಯ ಪಟದಲ್ಲಿ ಬೆಲ್ಲ ಸುಟ್ಟ ಟೈರಿನ ಬಣ್ಣಕ್ಕೆ ಬಂದಿತ್ತು. ತಾತ ಬೈಯಲಿಲ್ಲ. ಕೈ ತೊಳೆದುಕೊಂಡು ಹೋಗಿ ನಾಲೆ ಏರಿಯ ಮೇಲೆ ಕೂತ.

ಮಾರನೆಯ ದಿನ ಇನ್ನೊಂದು ಕೊಪ್ಪರಿಗೆಯಿಂದ ಚೆಂದದ ಮೂರು ಪಟ ತೆಗೆದು ಕೊನೆಗೆ ಅಂಟಿಸಬಹುದಿತ್ತು. ಅಂಟಿಸಲಿಲ್ಲ. ಸೀದ ಬೆಲ್ಲದ ಒಂದು ಗಟ್ಟಿಯನ್ನು ಬ್ಯಾಗಿಗೆ ಹಾಕಿಕೊಂಡು ಶುಕ್ರವಾರ ಎರಡನೆಯ ಸುತ್ತಿಗೆ ಕಾಲೇಜಿಗೆ ಹೋದೆ.

ಮೂರನೆಯ ಸ್ಲೈಡಿಗೇ ಮೇಡಂ ತಡೆದರು. "ಏನಮ್ಮಾ ಇದು, ಒಂದೇ ಪಟ? ನಿಲ್ಲಿಸು."

"ನಿಲ್ಸಕ್ಕಾಗಲ್ಲ ಮೇಡಂ, ಒಲೆ ಉರೀತಾ ಐತೆ," ಅಂದೆ. ತರಗತಿ ನಕ್ಕ ರಭಸಕ್ಕೆ ಮಂಡ್ಯದ ಅರ್ಧ ಊರಿನ ಕಿಟಕಿ ಅಲ್ಲಾಡಿರಬೇಕು. ನಾನು ನಿಲ್ಲಲಿಲ್ಲ. ನೊರೆ ಏಳುವುದು, ನೊರೆ ಕೂರುವುದು, ಗುಳ್ಳೆ ದೊಡ್ಡದಾಗುವುದು, ಬಣ್ಣ ತಿರುಗುವುದು, ಒಂದೊಂದಕ್ಕೂ ಇಪ್ಪತ್ತು ಸೆಕೆಂಡು. ಮಾತು ಸ್ಲೈಡಿಗಿಂತ ಒಂದು ಕೂದಲೂ ಆಚೀಚೆ ಆಗಲಿಲ್ಲ. ಹನ್ನೆರಡನೆಯದಕ್ಕೆ ಬರುವಷ್ಟರಲ್ಲಿ ಹುಡುಗರು ಬೆಂಚಿನಿಂದ ಎದ್ದು ನಿಂತು "ಇಳ್ಸೇ, ಇಳ್ಸೇ!" ಅನ್ನತೊಡಗಿದ್ದರು.

ಹದಿನೇಳನೆಯದು ಬಂತು.

"ಪಾಕ ಆಗಿದ್ದು ಇಲ್ಲಿ," ಅಂದೆ. "ನಮ್ಮ ತಾತ ಇಳಿಸ್ತೀನಿ ಅಂದ್ರು. ಇಪ್ಪತ್ತಾಗಬೇಕು ಅಂತ ನಾನೇ ತಡೆದೆ. ನಲವತ್ತು ವರ್ಷದಲ್ಲಿ ಅವರದು ಮೊದಲನೇ ಸಲ ಸೀದೋಯ್ತು. ಮುಂದಿನ ಮೂರು ಸ್ಲೈಡು ನಿಮ್ಮ ನಿಯಮದ್ದು ಮೇಡಂ, ನಮ್ಮ ಆಲೆಮನೇದಲ್ಲ. ಅದಕ್ಕೆ ನಾನು ಮಾತು ಕೊಡಲ್ಲ."

ಸೀದ ಗಟ್ಟಿಯನ್ನು ಅವರ ಮೇಜಿನ ಮೇಲಿಟ್ಟು, ಕೈಕಟ್ಟಿ ನಿಂತೆ, ತಾತ ನಿಂತ ಹಾಗೆ.

ಹದಿನೆಂಟು ಸರಿಯಿತು. ಮೇಡಂ ದನಿ ತಗ್ಗಿಸಿದರು. "ಮಾತಾಡಮ್ಮಾ. ಮಾರುಕಟ್ಟೆ ಬಗ್ಗೆ ಏನಾದರೂ ಹೇಳು."

ಹತ್ತೊಂಬತ್ತು. "ಧನ್ಯವಾದ ಅಂದ್ರೂ ಸಾಕು, ಅಂಕ ಕೊಡ್ತೀನಿ."

ತಲೆಯಾಡಿಸಿದೆ. ಹಿಂದಿನ ಬೆಂಚಿನಿಂದ ಜಾಕಿಯಾ, "ಲೇ, ಅದಿನೇಳ್ಕಿಂತ ಒಂದೂ ಕಮ್ಮಿಯಾಗಂಗಿಲ್ಲ ಕಣೇ!" ಅಂತ ಪಿಸುಗುಟ್ಟಿದಳು. ಗೊತ್ತಿತ್ತು. ಇಪ್ಪತ್ತನೆಯದು ಪರದೆ ತುಂಬಾ ಕಪ್ಪಗೆ ನಿಂತು, ಹೋಯಿತು.

ಮೇಡಂ ಪೆನ್ನು ತೆಗೆದರು. "ಮೌನಕ್ಕೆ ಮೂರು ಹೋಯ್ತು. ಒಂದೇ ಪಟ ಇಪ್ಪತ್ತು ಸಲ ತೋರಿಸಿದ್ದಕ್ಕೂ ಕಳೀಬೇಕು."

"ಯಾವ ನಿಯಮದಲ್ಲಿದೆ ಮೇಡಂ?"

ಅವರು ಹಾಳೆಯ ಈ ಬದಿ ಓದಿದರು, ಆ ಬದಿ ಓದಿದರು, ಮತ್ತೆ ಈ ಬದಿಗೆ ಬಂದರು. ಅಷ್ಟರಲ್ಲಿ ನನಗೆ ಅರ್ಧ ತಲೆ ನರೆಯಿತು. ಕೊನೆಗೆ ಸೀದ ಗಟ್ಟಿಯಿಂದ ಒಂದು ಚೂರು ಮುರಿದು ಬಾಯಿಗಿಟ್ಟುಕೊಂಡು, ಮುಖ ಕಿವುಚಿ, ಹದಿನೇಳು ಅಂತ ಬರೆದರು.

ಸಂಜೆ ಆಲೆಮನೆಯಲ್ಲಿ ಹೊಸ ಪಾಕ ಕುದಿಯುತ್ತಿತ್ತು. ಪಾಸಾದೆ ಅಂದೆ. ಆ ಮೂರು ಸ್ಲೈಡಿಗೆ ಬಾಯಿ ಬಿಡಲಿಲ್ಲ ಅಂತಲೂ ಹೇಳಿದೆ.

"ನೀನು? ಬಾಯ್ ಬುಡ್ನಿಲ್ವಾ?" ತಾತ ಮೊದಲ ಸಲ ನನ್ನನ್ನು ದೊಡ್ಡ ಮನುಷ್ಯಳ ಹಾಗೆ ನೋಡಿದ. ಆಮೇಲೆ ಕೊಪ್ಪರಿಗೆಯ ಕಡೆ ತಿರುಗಿದ. "ಸರ್ಕೋ ಅತ್ಲಾಗೆ. ಇವತ್ತು ನಿಮ್ ಮೇಡಮ್ಮೇ ಬಂದ್ ಅಡ್ಡ ನಿಂತ್ರೂ ಕಾಯಾಕಿಲ್ಲ."

ಸರಿದು ನಿಂತು, ಇಳಿಸಲು ಕೊಪ್ಪರಿಗೆಯ ಇನ್ನೊಂದು ಬದಿಯ ಹಿಡಿಕೆಯ ಬಳೆಗೆ ನಾನೇ ಕೈ ಹಾಕಿದೆ.